ಹಿತ್ತಿಲ ಬಾಗಿಲನ್ನು ಮತ್ತೆ ತೆರೆಯಿರಿ: ಯುಇಎಫ್‌ಎ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಅಲೆಕ್ಸಾಂಡರ್ ಚೆಫೆರಿನ್ ಅವರಿಗೆ,
ಅಧ್ಯಕ್ಷರು, ಯುಇಎಫ್‌ಎ (ಯುರೋಪಿನ ಫುಟ್‌ಬಾಲ್ ಒಕ್ಕೂಟ),
ನಿಯೋನ್, ಸ್ವಿಟ್ಜರ್ಲೆಂಡ್

ಮಾನ್ಯರೇ,

ಮಂಗಳೂರಿನಿಂದ ನಮಸ್ಕಾರ. ನಿಮಗೆ ಕನ್ನಡ ಬರುವುದಿಲ್ಲ, ನನಗೆ ಸ್ಲೊವೇನಿಯನ್ ಬರುವುದಿಲ್ಲ. ಪರವಾಗಿಲ್ಲ. ಬಹಿರಂಗ ಪತ್ರದ ಹಣೆಬರಹವೇ ಅಷ್ಟು. ವಿಳಾಸ ಒಬ್ಬರದು, ಓದುವವರು ಇನ್ಯಾರೋ.

ವಿಷಯ ಇಂಟರ್‌ಟೋಟೊ ಕಪ್. ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳು ಬೇಸಿಗೆಯಲ್ಲಿ ಆಡುತ್ತಿದ್ದ ಟೂರ್ನಿ. 2008ರ ನಂತರ ಅದು ನಡೆಯಲಿಲ್ಲ. ನಿಲ್ಲಿಸಿದ್ದು ನೀವಲ್ಲ, ಆಗ ಅಧ್ಯಕ್ಷರಾಗಿದ್ದವರು ಮಿಷೆಲ್ ಪ್ಲಾಟಿನಿ. ಆದರೆ ಕುರ್ಚಿ ಈಗ ನಿಮ್ಮದು. ಹಾಗಾಗಿ ಅರ್ಜಿಯೂ ನಿಮಗೇ ಬರಬೇಕಲ್ವಾ?

ಮಂಗಳೂರಿನವನಿಗೆ ಇದೆಲ್ಲ ಯಾಕೆ ಅಂತ ಇಲ್ಲಿಯವರೇ ಕೇಳುತ್ತಾರೆ. ಅದಕ್ಕೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ನಿಮ್ಮ ಬೇಸಿಗೆ ಅಂದರೆ ನಮ್ಮ ಮಳೆಗಾಲ. ಜುಲೈನಲ್ಲಿ ಯುರೋಪಿನ ಲೀಗ್‌ಗಳಿಗೆ ರಜೆ. ನಮ್ಮಲ್ಲಿ ಅದೇ ಹೊತ್ತಿಗೆ ನೆಹರೂ ಮೈದಾನದಲ್ಲಿ ಹುಡುಗರು ಕೆಸರಲ್ಲಿ ಬಿದ್ದು ಎದ್ದು ಚೆಂಡು ಒದೆಯುತ್ತಿರುತ್ತಾರೆ. ಕ್ರಿಕೆಟ್‌ಗೆ ಬಿಸಿಲು ಬೇಕು, ಫುಟ್‌ಬಾಲ್‌ಗೆ ಮಳೆಯಾದರೂ ಸಾಕು. 2003ರಲ್ಲಿ ನಾನು ಕಾಲೇಜಿನಲ್ಲಿದ್ದೆ. ಆಟಿ ತಿಂಗಳ ಮಳೆ ಜೋರಾದರೆ ಮೈದಾನದಿಂದ ಓಡಿ ಹತ್ತಿರದ ಸೈಬರ್ ಸೆಂಟರ್‌ಗೆ ನುಗ್ಗುತ್ತಿದ್ದೆವು. ಒದ್ದೆ ಚಡ್ಡಿಯಲ್ಲಿ ಕುರ್ಚಿ ಮೇಲೆ ಕೂತರೆ ಮಾಲೀಕ ಬೈಯುತ್ತಿದ್ದ, ಹಾಗಾಗಿ ನಿಂತೇ ನೋಡುತ್ತಿದ್ದೆವು. ಲೀಗ್ ಇಲ್ಲದ ತಿಂಗಳಲ್ಲಿ ನೋಡುವುದಕ್ಕೆ ಏನಿರುತ್ತದೆ? ಯಾವ ಆಟಗಾರ ಯಾವ ಕ್ಲಬ್‌ಗೆ ಹೋಗುತ್ತಾನೆ ಅನ್ನುವ ಗಾಳಿಸುದ್ದಿ, ಅಷ್ಟೇ. ಅದರ ಕೆಳಗೆ, ಯಾರೂ ಕ್ಲಿಕ್ ಮಾಡದ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ ಇರುತ್ತಿತ್ತು. ಹೀರನ್‌ವೇನ್, ಪೆರೂಜಾ, ವಿಯ್ಯಾರಿಯಲ್. ಈ ಊರುಗಳು ಎಲ್ಲಿವೆ ಅಂತ ನಮಗೆ ಗೊತ್ತಿರಲಿಲ್ಲ. ಇಂಟರ್‌ಟೋಟೊ ಮೂಲಕವೇ ನಾನು ಯುರೋಪಿನ ಭೂಗೋಳ ಕಲಿತೆ. ಅದರ ಋಣ ಈ ಪತ್ರ.

ಮೊದಲು ಹೆಸರಿನ ವಿಚಾರ. ಈ ಟೂರ್ನಿಗೆ ಅಂಟಿದ ಅವಮಾನವೆಲ್ಲ ಹೆಸರಿನಲ್ಲೇ ಇದೆ. 'ಟೋಟೊ' ಅಂದರೆ ಫುಟ್‌ಬಾಲ್ ಬೆಟ್ಟಿಂಗ್ ಚೀಟಿ. ವಾರದ ಪಂದ್ಯಗಳ ಪಟ್ಟಿ ಕೊಡುತ್ತಾರೆ. ಮನೆಯ ತಂಡ ಗೆದ್ದರೆ 1, ಹೊರಗಿನದು ಗೆದ್ದರೆ 2, ಸಮ ಆದರೆ ಎಕ್ಸ್. ಗುರುತು ಹಾಕಿ ಕೊಟ್ಟು ಭಾನುವಾರ ರೇಡಿಯೊ ಮುಂದೆ ಕೂರುವುದು. ನಮ್ಮ ಕಡೆಯ ಓಸಿ ಚೀಟಿಯ ಮರ್ಯಾದಸ್ಥ ಅಣ್ಣ ಅಂದುಕೊಳ್ಳಿ. ವ್ಯತ್ಯಾಸ ಏನೆಂದರೆ ಇದು ಕಾನೂನಿನ ಒಳಗೇ ನಡೆಯುತ್ತಿತ್ತು. ಆದರೆ ಬೇಸಿಗೆ ಬಂದರೆ ಲೀಗ್ ಇಲ್ಲ. ಲೀಗ್ ಇಲ್ಲದಿದ್ದರೆ ಚೀಟಿ ಇಲ್ಲ, ಚೀಟಿ ಇಲ್ಲದಿದ್ದರೆ ದುಡ್ಡಿಲ್ಲ. ಬ್ರಿಟನ್‌ನವರು ಇದಕ್ಕೊಂದು ಉಪಾಯ ಹುಡುಕಿದ್ದರು. ಅಲ್ಲಿ ಬೇಸಿಗೆ ಇದ್ದಾಗ ಆಸ್ಟ್ರೇಲಿಯಾದಲ್ಲಿ ಚಳಿಗಾಲ ನೋಡಿ, ಅಲ್ಲಿನ ಸ್ಥಳೀಯ ಕ್ಲಬ್‌ಗಳ ಪಂದ್ಯಗಳನ್ನೇ ಚೀಟಿಗೆ ಹಾಕಿದರು. ಲಿವರ್‌ಪೂಲಿನ ಕಾರ್ಖಾನೆ ಕೆಲಸಗಾರ ಹೆಸರೂ ಕೇಳದ ಆಸ್ಟ್ರೇಲಿಯಾದ ಊರಿನ ತಂಡದ ಮೇಲೆ ಗುರುತು ಹಾಕುತ್ತಿದ್ದ. ಯೋಚಿಸಿದರೆ ನಗು ಬರುತ್ತದೆ. ಆದರೆ ಸೈಬರ್ ಸೆಂಟರ್‌ನಲ್ಲಿ ನಾವು ಮಾಡುತ್ತಿದ್ದದ್ದೂ ಅದೇ ತಾನೆ, ದುಡ್ಡು ಮಾತ್ರ ಇರಲಿಲ್ಲ.

ಯುರೋಪಿನ ಉಳಿದ ದೇಶದವರು ಬೇರೆ ದಾರಿ ಹಿಡಿದರು. ಬೇಸಿಗೆಗೇ ಒಂದು ಟೂರ್ನಿ ಮಾಡಿದರಾಯಿತು ಅಂದರು. ಹಿಂದೆ ನಿಂತವರು ಮೂವರು. ಸ್ವೀಡನ್ನಿನ ಮಾಲ್ಮೊ ಕ್ಲಬ್‌ನ ಎರಿಕ್ ಪೆರ್ಸನ್, ಸ್ವಿಟ್ಜರ್ಲೆಂಡಿನ ಎರ್ನ್ಸ್ಟ್ ತೊಮ್ಮೆನ್, ಮತ್ತೆ ಆಸ್ಟ್ರಿಯಾ ಮೂಲದ ಕೋಚ್ ಕಾರ್ಲ್ ರಪ್ಪಾನ್. ರಪ್ಪಾನ್ ಸಣ್ಣ ಆಸಾಮಿ ಅಲ್ಲ. 1938ರ ವಿಶ್ವಕಪ್‌ನಲ್ಲಿ ಅವರ ಸ್ವಿಸ್ ತಂಡ ಜರ್ಮನಿಯನ್ನು 4-2ರಿಂದ ಸೋಲಿಸಿ ಮನೆಗೆ ಕಳಿಸಿತ್ತು. ಬಲಿಷ್ಠ ತಂಡಗಳ ಎದುರು ಸಣ್ಣ ತಂಡ ಹೇಗೆ ಬಾಗಿಲಿಗೆ ಅಗುಳಿ ಹಾಕಿ ನಿಲ್ಲಬೇಕು ಅಂತ ಲೆಕ್ಕ ಹಾಕಿದ ಮನುಷ್ಯ ಅವರು. ಆ ರಕ್ಷಣಾ ವ್ಯೂಹಕ್ಕೆ ಹೆಸರೇ 'ಅಗುಳಿ'. ಅಂಥವರು ಕೊನೆಗೆ ಸಣ್ಣ ಕ್ಲಬ್‌ಗಳಿಗೊಂದು ಬಾಗಿಲು ತೆಗೆದದ್ದು ನನಗೆ ತುಂಬ ಇಷ್ಟವಾದ ಸಂಗತಿ. ಜನ ಎಷ್ಟೋ ವರ್ಷ ಇದನ್ನು ರಪ್ಪಾನ್ ಕಪ್ ಅಂತಲೇ ಕರೆದರು.

1961ರಲ್ಲಿ ಟೂರ್ನಿ ಶುರುವಾಯಿತು. ನಿಮ್ಮ ಸಂಸ್ಥೆ ದೂರ ನಿಂತಿತು. ಜೂಜಿನ ದುಡ್ಡು, ನಮಗೆ ಸಂಬಂಧ ಇಲ್ಲ, ಬೇಕಾದರೆ ಆಡಿಕೊಳ್ಳಿ ಅನ್ನುವ ಧೋರಣೆ. ಆಗಿನವರ ಮಡಿವಂತಿಕೆ ನನಗೆ ಅರ್ಥವಾಗುತ್ತದೆ. ಆದರೆ ಈಗ ಯಾವ ಪಂದ್ಯ ಹಾಕಿದರೂ ಮೈದಾನದ ಸುತ್ತ, ಜೆರ್ಸಿಯ ಎದೆ ಮೇಲೆ, ತೋಳಿನ ಮೇಲೆ ಬೆಟ್ಟಿಂಗ್ ಕಂಪನಿಗಳೇ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್‌ಗಳು ಎದೆಯ ಮೇಲಿನ ಹೆಸರನ್ನಾದರೂ ತೆಗೆಯೋಣ ಅಂತ ಒಪ್ಪಿದ್ದು 2023ರಲ್ಲಿ. ಇಂಟರ್‌ಟೋಟೊ ತನ್ನ ಹುಟ್ಟಿನ ಗುಟ್ಟನ್ನು ಹೆಸರಲ್ಲೇ ಬರೆದುಕೊಂಡಿತ್ತು. ಅಷ್ಟು ಪ್ರಾಮಾಣಿಕತೆ ಈಗ ಯಾರಿಗಿದೆ?

ಮೊದಲ ಫೈನಲ್ 1962ರಲ್ಲಿ. ಅಯಾಕ್ಸ್ ತಂಡ ಫೆಯೆನೂರ್ಡ್ ವಿರುದ್ಧ 4-2ರಿಂದ ಗೆದ್ದಿತು. ಮುಂದಿನ ಹೆಸರುಗಳನ್ನು ನೋಡಿ. ಎರಡು ಸಲ ಚೆಕೊಸ್ಲೊವಾಕಿಯಾದ ಸ್ಲೊವ್‌ನಾಫ್ಟ್ ಬ್ರಾಟಿಸ್ಲಾವಾ. ಆಮೇಲೆ ಪೋಲೆಂಡಿನ ಪೊಲೊನಿಯಾ ಬಿಟೊಮ್. ಆಮೇಲೆ ಪೂರ್ವ ಜರ್ಮನಿಯ ಲೈಪ್‌ಜಿಗ್. 1961ರ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದಿತ್ತು, ನೆನಪಿರಲಿ. ಪೂರ್ವ ಪಶ್ಚಿಮದ ನಡುವೆ ಸಾಮಾನ್ಯ ಮನುಷ್ಯ ಓಡಾಡುವುದೇ ಕಷ್ಟವಾಗಿದ್ದ ಕಾಲ. ಆಗ ಎರಡೂ ಕಡೆಯ ಮಧ್ಯಮ ದರ್ಜೆಯ ಕ್ಲಬ್‌ಗಳು, ಚಾಂಪಿಯನ್ನರಲ್ಲ, ಮಧ್ಯಮ ದರ್ಜೆಯವು, ಪ್ರತಿ ಬೇಸಿಗೆ ಒಬ್ಬರ ಊರಿಗೆ ಒಬ್ಬರು ಬಸ್ಸು ಹತ್ತಿ ಹೋಗಿ ಆಡಿ ಬರುತ್ತಿದ್ದವು. ಬೆಟ್ಟಿಂಗ್ ಚೀಟಿಯ ಪುಣ್ಯ!

1967ರ ನಂತರ ಇನ್ನೂ ಮಜಾ. ನಾಕೌಟ್ ಹಂತ ಆಡಿಸುವುದಕ್ಕೆ ದಿನಾಂಕ ಹೊಂದಿಸುವುದು ಕಷ್ಟವಾಯಿತು. ಸರಿ, ಫೈನಲ್ಲನ್ನೇ ತೆಗೆದರು. ಗುಂಪಿನಲ್ಲಿ ಗೆದ್ದವರಿಗೆ ಬಹುಮಾನದ ದುಡ್ಡು, ಮನೆಗೆ ಹೋಗಿ. ಇಪ್ಪತ್ತೇಳು ವರ್ಷ ಚಾಂಪಿಯನ್ನೇ ಇಲ್ಲದೆ ಒಂದು ಟೂರ್ನಿ ನಡೆಯಿತು. ಆದರೂ ಜನ ಬಂದು ನೋಡಿದರು.

1995ರಲ್ಲಿ ನೀವು, ಅಂದರೆ ಯುಇಎಫ್‌ಎ, ಅದನ್ನು ಕೈಗೆತ್ತಿಕೊಂಡಿರಿ. ಗೆದ್ದವರಿಗೆ ಯುಇಎಫ್‌ಎ ಕಪ್‌ಗೆ, ಅಂದರೆ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯೊಂದಕ್ಕೆ, ಪ್ರವೇಶ ಅಂದಿರಿ. ಲೀಗ್‌ನಲ್ಲಿ ಕೂದಲೆಳೆಯಲ್ಲಿ ಯುರೋಪಿಯನ್ ಟೂರ್ನಿ ಕೈತಪ್ಪಿದ ಕ್ಲಬ್‌ಗೆ ಇನ್ನೊಂದು ಅವಕಾಶ. ನಮ್ಮ ಹಳೇ ಮನೆಗಳಲ್ಲಿ ಮುಂಬಾಗಿಲಿನಿಂದ ನೆಂಟರು ಬರುತ್ತಾರೆ, ಹಿತ್ತಿಲ ಬಾಗಿಲಿನಿಂದ ಕರಿಬೇವು ಕೇಳಿಕೊಂಡು ಪಕ್ಕದ ಮನೆಯವರು ಬರುತ್ತಾರೆ. ಬಂದವರು ಹಾಗೇ ಅಡುಗೆಮನೆಯಲ್ಲಿ ಕೂತು ಊಟ ಮಾಡಿಕೊಂಡೂ ಹೋಗುತ್ತಾರೆ. ಇಂಟರ್‌ಟೋಟೊ ಅಂದರೆ ಆ ಹಿತ್ತಿಲ ಬಾಗಿಲು.

ಆ ಮೊದಲ ಬೇಸಿಗೆಯಲ್ಲೇ ಎರಡು ಕಥೆ ನಡೆದವು. ಎರಡನ್ನೂ ಒಟ್ಟಿಗೆ ಹೇಳಬೇಕು.

ಮೊದಲನೆಯದು ಇಂಗ್ಲೆಂಡಿನದು. ಅಲ್ಲಿನ ಕ್ಲಬ್‌ಗಳಿಗೆ ಇದು ಬೇಕಿರಲಿಲ್ಲ. ಬೇಸಿಗೆ ಅಂದರೆ ರಜೆ, ಸಮುದ್ರ ತೀರ. ನೀವು ಒತ್ತಾಯ ಮಾಡಿದಿರಿ, ಮೂರು ಕ್ಲಬ್‌ಗಳು ಗೊಣಗುತ್ತಾ ಬಂದವು. ಅವುಗಳಲ್ಲಿ ಟಾಟನ್‌ಹ್ಯಾಮ್ ಮತ್ತು ವಿಂಬಲ್ಡನ್ ತಮ್ಮ ಮೈದಾನವನ್ನೂ ಕೊಡಲಿಲ್ಲ, ಬ್ರೈಟನ್‌ಗೆ ಹೋಗಿ ಆಡಿದವು. ವಿಂಬಲ್ಡನ್ ಅಂದರೆ ಇಲ್ಲಿ ಟೆನಿಸ್ ಅಲ್ಲ, ಅದೇ ಹೆಸರಿನ ಫುಟ್‌ಬಾಲ್ ಕ್ಲಬ್. ಅವರು ಟರ್ಕಿಯ ಬುರ್ಸಾಸ್ಪೋರ್ ಎದುರು 4-0ಯಿಂದ ಸೋತರು. ಟಾಟನ್‌ಹ್ಯಾಮ್ ಹುಡುಗರನ್ನೂ ಸಾಲ ತಂದ ಆಟಗಾರರನ್ನೂ ಸೇರಿಸಿ ಕೊಲೋನ್‌ಗೆ ಹೋಗಿ 8-0ಯಿಂದ ಸೋತು ಬಂತು. ಎಂಟು! ಆ ಕ್ಲಬ್‌ನ ಇತಿಹಾಸದಲ್ಲೇ ಅದು ಅತಿ ದೊಡ್ಡ ಸೋಲು. ದುರ್ಬಲ ತಂಡ ಕಳಿಸಿದ್ದಕ್ಕೆ ಎರಡೂ ಕ್ಲಬ್‌ಗಳಿಗೆ ನಿಷೇಧ ಹೇರಿದಿರಿ, ಮೇಲ್ಮನವಿ ಆದ ಮೇಲೆ ವಾಪಸ್ ತೆಗೆದಿರಿ. ಬಲವಂತದ ಊಟ ಯಾರ ಹೊಟ್ಟೆಗೂ ಹಿಡಿಸುವುದಿಲ್ಲ. ಇದು ಯುಇಎಫ್‌ಎ ತಪ್ಪೇ. ಒಪ್ಪಿಕೊಳ್ಳಿ.

ಎರಡನೆಯದು ಬೋರ್ಡೊ ಕಥೆ. ಫ್ರೆಂಚ್ ಲೀಗ್‌ನಲ್ಲಿ ಏಳನೇ ಸ್ಥಾನ. ಅದೇ ಬೇಸಿಗೆ, ಅದೇ ಟೂರ್ನಿ. ಅವರು ಮಾತ್ರ ರಜೆ ಬಿಟ್ಟು ಬಂದರು. ಜರ್ಮನಿಯ ಕಾರ್ಲ್ಸ್‌ರುಹೆ ತಂಡವನ್ನು ಸೋಲಿಸಿ ಯುಇಎಫ್‌ಎ ಕಪ್‌ಗೆ ಹೋದರು. ಅಲ್ಲಿ ವಾರ್ಡಾರ್, ರೊಟೋರ್ ವೋಲ್ಗೊಗ್ರಾದ್, ರಿಯಲ್ ಬೆಟಿಸ್, ಒಂದೊಂದಾಗಿ ದಾಟಿದರು. ಕ್ವಾರ್ಟರ್‌ಫೈನಲ್‌ನಲ್ಲಿ ಎದುರಾಳಿ ಎಸಿ ಮಿಲಾನ್. ಆಗಿನ ಮಿಲಾನ್ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಎರಡು ಪಂದ್ಯಗಳಲ್ಲಿ ಮೊದಲನೆಯದು ಮಿಲಾನ್‌ನಲ್ಲಿ, 2-0 ಸೋಲು. ಕಥೆ ಮುಗಿಯಿತು ಅಂದುಕೊಂಡರು ಎಲ್ಲರೂ. 1996ರ ಮಾರ್ಚ್ 19ರ ರಾತ್ರಿ ಬೋರ್ಡೊದಲ್ಲಿ 3-0. ಥೊಲೊ ಒಂದು ಗೋಲು, ದುಗಾರಿ ಎರಡು. ಆ ತಂಡದ ನಡುವೆ ನಿಂತು ಚೆಂಡು ಹಂಚುತ್ತಿದ್ದ ಹುಡುಗನ ಹೆಸರು ಜಿನೆದಿನ್ ಜಿದಾನ್. ಎಡಗಡೆ ಹಿಂದೆ ಲಿಜರಾಜು.

ಫೈನಲ್‌ನಲ್ಲಿ ಬಯರ್ನ್ ಮ್ಯೂನಿಕ್ ಎದುರು ಎರಡೂ ಪಂದ್ಯ ಸೋತರು, ಒಟ್ಟು 5-1. ಮೊದಲ ಪಂದ್ಯಕ್ಕೆ ಜಿದಾನ್, ದುಗಾರಿ ಇಬ್ಬರೂ ಅಮಾನತಾಗಿ ಹೊರಗಿದ್ದರು. ಅಷ್ಟೆಲ್ಲ ಓಡಾಡಿದ್ದಕ್ಕೆ ಲೀಗ್‌ನಲ್ಲಿ ಹದಿನಾರನೇ ಸ್ಥಾನಕ್ಕೆ ಕುಸಿದರು. ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಬೋರ್ಡೊದ ಯಾವ ಅಭಿಮಾನಿಯನ್ನಾದರೂ ಕೇಳಿ, ಹದಿನಾರನೇ ಸ್ಥಾನ ನೆನಪಿದೆಯಾ, ಮಿಲಾನ್ ರಾತ್ರಿ ನೆನಪಿದೆಯಾ ಅಂತ. ಎರಡು ವರ್ಷದ ನಂತರ ಫ್ರಾನ್ಸ್ ವಿಶ್ವಕಪ್ ಗೆದ್ದಾಗ ಜಿದಾನ್, ಲಿಜರಾಜು, ದುಗಾರಿ ಮೂವರೂ ತಂಡದಲ್ಲಿದ್ದರು. ಹಿತ್ತಿಲ ಗಿಡ ಮದ್ದಲ್ಲ ಅನ್ನುವ ಗಾದೆ ನಮ್ಮಲ್ಲಿದೆ. ಇಲ್ಲಿ ಅದು ಸುಳ್ಳಾಯಿತು.

ಮುಂದಿನ ವರ್ಷದ ಕಥೆ ನನಗೆ ಇನ್ನೂ ಇಷ್ಟ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿ ಗ್ಯಾಂಗಾಂ ಅಂತ ಒಂದು ಊರಿದೆ. ಜನಸಂಖ್ಯೆ ಸುಮಾರು 7 ಸಾವಿರ. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಗ್ರಾಮ ಪಂಚಾಯಿತಿ. ಊರಿನ ಸ್ಟೇಡಿಯಂನಲ್ಲಿ ಸುಮಾರು 18 ಸಾವಿರ ಸೀಟು. ಇಡೀ ಊರು ಬಂದು ಕೂತರೂ ಅರ್ಧ ಖಾಲಿ! ಸುತ್ತಲಿನ ಹಳ್ಳಿಗಳ ರೈತರು ಬಂದು ತುಂಬಿಸುತ್ತಾರೆ. ಈ ಕ್ಲಬ್ ಮೊದಲ ಸಲ ಫ್ರಾನ್ಸಿನ ಮೇಲಿನ ದರ್ಜೆಗೆ ಬಂದದ್ದೇ 1995ರಲ್ಲಿ. ಒಂದು ವರ್ಷ ಕಳೆಯಿತು, ಇಂಟರ್‌ಟೋಟೊಗೆ ಹೋಯಿತು. ಫೈನಲ್‌ನಲ್ಲಿ ರಷ್ಯಾದ ವೋಲ್ಗೊಗ್ರಾದ್‌ಗೆ ಹೋಗಿ 2-1ರಿಂದ ಸೋತು ಬಂತು. ಮನೆಯಲ್ಲಿ 1-0. ಎರಡು ಪಂದ್ಯ ಸೇರಿ ಸಮ. ಹಾಗಾದರೆ ಹೊರಗಡೆ ಹೊಡೆದ ಗೋಲಿಗೆ ಆಗ ಬೆಲೆ ಜಾಸ್ತಿ, ಆ ಒಂದು ಗೋಲಿನ ಬಲದಲ್ಲಿ ಗೆದ್ದುಬಿಟ್ಟಿತು. ಆಮೇಲೆ ಯುಇಎಫ್‌ಎ ಕಪ್‌ನ ಮೊದಲ ಸುತ್ತಿನಲ್ಲಿ ಯಾರು ಬರಬೇಕು? ಇಂಟರ್ ಮಿಲಾನ್. ಏಳು ಸಾವಿರ ಜನರ ಊರಿಗೆ ಇಂಟರ್ ಮಿಲಾನ್ ಬಂತು. 3-0ಯಿಂದ ಗೆದ್ದೂ ಹೋಯಿತು, ಅದು ಬೇರೆ ಮಾತು. ಆದರೆ ಮಿಲಾನ್‌ನಲ್ಲಿ ನಡೆದ ಎರಡನೇ ಪಂದ್ಯದಲ್ಲಿ ಗ್ಯಾಂಗಾಂ 1-1 ಸಮ ಮಾಡಿಕೊಂಡು ಬಂತು. ಆ ಊರಿನ ಅಜ್ಜಂದಿರು ಮೊಮ್ಮಕ್ಕಳಿಗೆ ಇದನ್ನು ಎಷ್ಟು ಸಲ ಹೇಳಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ.

ದೊಡ್ಡವರೂ ಈ ಬಾಗಿಲಲ್ಲಿ ಬಗ್ಗಿ ಒಳಗೆ ಬಂದಿದ್ದಾರೆ. 1999ರಲ್ಲಿ ಯುವೆಂಟಸ್ ಬಂತು, ಗೆದ್ದಿತು. ಆ ಗೆಲುವಿನಿಂದಲೇ ಯುಇಎಫ್‌ಎ ಆಗ ನಡೆಸುತ್ತಿದ್ದ ಎಲ್ಲ ಬಗೆಯ ಕ್ಲಬ್ ಕಪ್‌ಗಳನ್ನೂ ಗೆದ್ದ ಮೊದಲ ಕ್ಲಬ್ ಆಯಿತು. ಅವರ ಕಪಾಟಿನಲ್ಲಿ ಅದೂ ಇದೆ. ಅದೇ ವರ್ಷ ವೆಸ್ಟ್ ಹ್ಯಾಮ್ ತಂಡ ಫ್ರಾನ್ಸಿನ ಮೆಟ್ಸ್‌ಗೆ ಹೋಗಿ 3-1ರಿಂದ ಗೆದ್ದಿತು. ಗೋಲು ಹೊಡೆದವರಲ್ಲಿ ಫ್ರಾಂಕ್ ಲ್ಯಾಂಪಾರ್ಡ್ ಅನ್ನುವ ಹುಡುಗನೂ ಇದ್ದ.

ಇನ್ನು ನನ್ನ ತಂಡ. ಒದ್ದೆ ಚಡ್ಡಿಯಲ್ಲಿ ನಿಂತು ಪಟ್ಟಿ ನೋಡುತ್ತಿದ್ದಾಗ ವಿಯ್ಯಾರಿಯಲ್ ನನಗೆ ಸಿಕ್ಕಿತು. ಆರಿಸಿದ್ದಕ್ಕೆ ಕಾರಣ ಕೇಳಬೇಡಿ. ಜೆರ್ಸಿ ಹಳದಿ ಇತ್ತು, ಅಷ್ಟೇ. ಸ್ಪೇನಿನ ಪೂರ್ವ ಕರಾವಳಿಯ ಹತ್ತಿರದ ಊರು. ಸುಮಾರು 50 ಸಾವಿರ ಜನ. ಟೈಲ್ಸ್ ಕಾರ್ಖಾನೆಗಳು ಜಾಸ್ತಿ. ಹೆಂಚಿನ ಊರಿನವನಾದ ನನಗೆ ಇದು ಆಮೇಲೆ ತಿಳಿದು ಇನ್ನೂ ಖುಷಿಯಾಯಿತು. ಈ ಕ್ಲಬ್ ಸ್ಪೇನಿನ ಮೇಲಿನ ದರ್ಜೆಗೆ ಮೊದಲ ಸಲ ಬಂದದ್ದು 1998ರಲ್ಲಿ. ಯುರೋಪಿನ ಮೆಟ್ಟಿಲು ಮೊದಲ ಸಲ ಹತ್ತಿದ್ದು 2002ರ ಇಂಟರ್‌ಟೋಟೊದಲ್ಲಿ. ಆಗ ಫೈನಲ್‌ನಲ್ಲಿ ಮಲಾಗಾ ಎದುರು ಸೋಲು. 2003ರಲ್ಲಿ ಮತ್ತೆ ಬಂತು, ಹೀರನ್‌ವೇನ್ ಎದುರು ಗೆದ್ದಿತು. 2004ರಲ್ಲಿ ಮತ್ತೆ ಬಂತು, ಅಟ್ಲೆಟಿಕೊ ಮ್ಯಾಡ್ರಿಡ್ ಎದುರು ಪೆನಾಲ್ಟಿಯಲ್ಲಿ ಗೆದ್ದಿತು. ಮುಂದಿನ ಸೀಸನ್‌ನಲ್ಲಿ ಲೀಗ್‌ನಲ್ಲಿ ಮೂರನೇ ಸ್ಥಾನ. 2006ರಲ್ಲಿ ಯುರೋಪಿನ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್. ಆರ್ಸೆನಲ್ ಎದುರು ಕೊನೇ ಗಳಿಗೆಯಲ್ಲಿ ಪೆನಾಲ್ಟಿ ಸಿಕ್ಕಿತು, ನಮ್ಮ ರಿಕೆಲ್ಮೆ ಒದ್ದ, ಅವರ ಗೋಲ್‌ಕೀಪರ್ ಲೇಮನ್ ತಡೆದ. ಆ ರಾತ್ರಿಯ ಬಗ್ಗೆ ಜಾಸ್ತಿ ಬರೆಯಲು ನನ್ನ ಕೈಲಿ ಆಗುವುದಿಲ್ಲ.

ನಾಲ್ಕು ವರ್ಷ ಮೊದಲು ಹಿತ್ತಿಲಲ್ಲಿ ನಿಂತಿದ್ದ ಕ್ಲಬ್ ಅದು. ದೊಡ್ಡ ಕ್ಲಬ್‌ಗಳ ಜೊತೆ ಜುಲೈನ ಬಿಸಿಲಲ್ಲಿ, ದೂರದ ಊರುಗಳಲ್ಲಿ, ಎರಡು ಪಂದ್ಯಗಳ ಲೆಕ್ಕಾಚಾರದಲ್ಲಿ ಆಡುವುದನ್ನು ಇಂಟರ್‌ಟೋಟೊದಲ್ಲೇ ಕಲಿತು ಬಂತು. ಈ ಕಲಿಕೆ ಸ್ನೇಹದ ಪಂದ್ಯಗಳಲ್ಲಿ ಸಿಗುವುದಿಲ್ಲ. ಅಲ್ಲಿ ಸೋತರೂ ನಡೆಯುತ್ತದೆ.

ಈಗ ನಿಮ್ಮ ಊರಿನ ಮಾತಿಗೆ ಬರುತ್ತೇನೆ. ಏಪ್ರಿಲ್‌ನಲ್ಲಿ ಆ ಸೆಮಿಫೈನಲ್ ಆಡಿದ ವಿಯ್ಯಾರಿಯಲ್, ಜುಲೈನಲ್ಲಿ ಮತ್ತೆ ಇಂಟರ್‌ಟೋಟೊಗೆ ಬಂತು. ಅಲ್ಲಿ ಅದನ್ನು ಹೊರಗೆ ಹಾಕಿದ್ದು ಯಾರು? ಸ್ಲೊವೇನಿಯಾದ ಮಾರಿಬೋರ್! ಎರಡು ಪಂದ್ಯ ಸೇರಿ 3-2. ಮೂರು ತಿಂಗಳ ಹಿಂದೆ ಯುರೋಪಿನ ಮೊದಲ ನಾಲ್ಕರಲ್ಲಿ ಒಂದಾಗಿದ್ದ ತಂಡವನ್ನು 20 ಲಕ್ಷ ಜನರ ನಿಮ್ಮ ದೇಶದ ಒಂದು ಕ್ಲಬ್ ಸೋಲಿಸಿತು. ನಾನು ಅವತ್ತು ನಿಮ್ಮ ದೇಶದ ಮೇಲೆ ಸಿಟ್ಟಾಗಿದ್ದೆ, ಈಗ ಇಲ್ಲ. ನೀವು ಲುಬ್ಲಿಯಾನಾದವರು, ಮಾರಿಬೋರ್ ಅಂದರೆ ಅಷ್ಟಕ್ಕಷ್ಟೇ ಇರಬಹುದು. ಆದರೂ ಅವತ್ತು ಒಂದು ಕ್ಷಣ ಖುಷಿಯಾಗಿರಲೇಬೇಕು, ನಿಜ ಹೇಳಿ. ಇವತ್ತಿನ ಏರ್ಪಾಟಿನಲ್ಲಿ ಅಂಥ ಎರಡು ತಂಡಗಳು ಜುಲೈನಲ್ಲಿ ಎದುರೆದುರು ಬರುವ ದಾರಿ ಎಲ್ಲಿದೆ?

ತಪ್ಪುಗಳೂ ಇದ್ದವು, ಬೇಕಾದಷ್ಟು. 2006ರಲ್ಲಿ ನಿಯಮ ಬದಲಿಸಿ ಹನ್ನೊಂದು ವಿಜೇತರು ಅಂದಿರಿ. ಹನ್ನೊಂದು! ಅದು ಟೂರ್ನಿಯಾ, ಸಾಮೂಹಿಕ ವಿವಾಹವಾ? ಆಮೇಲೆ ಯುಇಎಫ್‌ಎ ಕಪ್‌ನಲ್ಲಿ ಯಾರು ಹೆಚ್ಚು ದೂರ ಹೋಗುತ್ತಾರೋ ಅವರೇ ನಿಜವಾದ ವಿಜೇತರು ಅಂತ ಇನ್ನೊಂದು ಲೆಕ್ಕ. ಹಾಗೆ 2006ರಲ್ಲಿ ನ್ಯೂಕ್ಯಾಸಲ್ ಗೆದ್ದಿತು. ಗೆದ್ದದ್ದು ಅಲ್ಲಿನ ಜನಕ್ಕೇ ಗೊತ್ತಾಗಲಿಲ್ಲ ಅಂತ ಇವತ್ತಿಗೂ ತಮಾಷೆ ಮಾಡುತ್ತಾರೆ. 2025ರಲ್ಲಿ ಅವರು ಲೀಗ್ ಕಪ್ ಗೆದ್ದಾಗ 1969ರ ಫೇರ್ಸ್ ಕಪ್ (ಯುರೋಪಿನ ಇನ್ನೊಂದು ಹಳೇ ಟೂರ್ನಿ) ನಂತರದ ಮೊದಲ ದೊಡ್ಡ ಟ್ರೋಫಿ ಅಂತ ಎಲ್ಲರೂ ಬರೆದರು. ನಡುವಿನ ಇಂಟರ್‌ಟೋಟೊ ಲೆಕ್ಕಕ್ಕೇ ಇಲ್ಲ. ಅಂದ ಹಾಗೆ ಆ ಫೇರ್ಸ್ ಕಪ್ ಹುಟ್ಟಿಸಿದವರಲ್ಲೂ ಅದೇ ತೊಮ್ಮೆನ್ ಇದ್ದರು. ಒಬ್ಬನೇ ಅಪ್ಪನ ಎರಡು ಮಕ್ಕಳು. ಒಂದನ್ನು ತಲೆ ಮೇಲೆ ಹೊತ್ತು ಮೆರೆಸುತ್ತಾರೆ, ಇನ್ನೊಂದರ ಹೆಸರು ಎತ್ತಿದರೆ ನಗುತ್ತಾರೆ.

ನೀವು ಹೇಳಬಹುದು, ಆ ಜಾಗಕ್ಕೆ ಯುರೋಪಿನ ಮೂರನೇ ದರ್ಜೆಯ ಟೂರ್ನಿಯಾಗಿ ಕಾನ್ಫರೆನ್ಸ್ ಲೀಗ್ ತಂದಿದ್ದೇವಲ್ಲ ಅಂತ. ತಂದಿದ್ದೀರಿ, 2021ರಿಂದ ನಡೆಯುತ್ತಿದೆ. ನನಗೂ ಇಷ್ಟ. ಟಿರಾನಾದಲ್ಲಿ ರೋಮಾ ಗೆದ್ದಾಗ, ಪ್ರಾಗ್‌ನಲ್ಲಿ ವೆಸ್ಟ್ ಹ್ಯಾಮ್ ಗೆದ್ದಾಗ, ಒಲಿಂಪಿಯಾಕೋಸ್ ಗ್ರೀಸ್‌ಗೆ ಮೊದಲ ಯುರೋಪಿಯನ್ ಕಪ್ ತಂದಾಗ ನಿದ್ದೆಗೆಟ್ಟು ನೋಡಿದ್ದೇನೆ. ಆದರೆ 2025ರಲ್ಲಿ ಅದನ್ನು ಗೆದ್ದದ್ದು ಚೆಲ್ಸಿ. ಅದೇ ಚೆಲ್ಸಿ ಒಂದೂವರೆ ತಿಂಗಳ ಬಳಿಕ ಅಮೆರಿಕದಲ್ಲಿ ಕ್ಲಬ್ ವಿಶ್ವಕಪ್ಪನ್ನೂ ಗೆದ್ದಿತು, ಫೈನಲ್‌ನಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಎದುರು 3-0. ಕೊನೇ ಪಂಕ್ತಿಯ ಊಟಕ್ಕೂ ಅವರೇ, ಮೊದಲ ಪಂಕ್ತಿಗೂ ಅವರೇ. ಚೆಲ್ಸಿ ತಪ್ಪು ಅನ್ನುತ್ತಿಲ್ಲ. ಎಲೆ ಹಾಕಿದವರು ಯೋಚಿಸಬೇಕಿತ್ತು.

ಬೇಸಿಗೆಯಲ್ಲಿ ಆಟಗಾರರಿಗೆ ವಿಶ್ರಾಂತಿ ಬೇಕು ಅನ್ನುವುದು ಇನ್ನೊಂದು ತಕರಾರು. ನ್ಯಾಯವಾದದ್ದು. ಆಟಗಾರರ ಸಂಘಟನೆ ಫಿಫ್‌ಪ್ರೊ ಇದೇ ವಿಷಯಕ್ಕೆ 2024ರಲ್ಲಿ ಫಿಫಾ ವಿರುದ್ಧ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಿದೆ. ಆದರೆ ಸುಸ್ತಾಗಿರುವುದು ಯಾರು? ಚಾಂಪಿಯನ್ಸ್ ಲೀಗ್, ದೇಶದ ತಂಡ, ಕ್ಲಬ್ ವಿಶ್ವಕಪ್ ಎಲ್ಲವನ್ನೂ ಆಡುವವರು. ಒಂಬತ್ತನೇ ಸ್ಥಾನದ ಕ್ಲಬ್‌ನ ಹುಡುಗ ವರ್ಷಕ್ಕೆ ನಲವತ್ತರ ಆಸುಪಾಸು ಪಂದ್ಯ ಆಡಿ ಮೇ ತಿಂಗಳಲ್ಲೇ ಮನೆ ಸೇರಿರುತ್ತಾನೆ. ಜುಲೈನಲ್ಲಿ ಹೇಗೂ ಸ್ನೇಹದ ಪಂದ್ಯಗಳನ್ನು ಆಡೇ ಆಡುತ್ತಾನೆ. ಅದೇ ಪಂದ್ಯಗಳಿಗೆ ಒಂದು ಅರ್ಥ ಕೊಡಿ ಅನ್ನುತ್ತಿದ್ದೇನೆ, ಅಷ್ಟೇ.

ಬೇಸಿಗೆ ಫುಟ್‌ಬಾಲ್ ಯಾರಿಗೂ ಬೇಡ ಅನ್ನುವಂತೆಯೂ ಇಲ್ಲ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ರಿಯಲ್ ಮ್ಯಾಡ್ರಿಡ್ ಆಡಿದ ಸ್ನೇಹದ ಪಂದ್ಯಕ್ಕೆ ಬಂದವರು 1,09,318 ಜನ. ಗೆದ್ದರೆ ಏನೂ ಇಲ್ಲ, ಸೋತರೆ ಏನೂ ಇಲ್ಲ. ಸುಮ್ನೆ ಒಂದು ಜಾತ್ರೆ. ಆ ಜಾತ್ರೆ ಇರಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಯುರೋಪಿನ ಬೇಸಿಗೆಯನ್ನೆಲ್ಲ ಅಮೆರಿಕಕ್ಕೂ ಏಷ್ಯಾಕ್ಕೂ ಸಾಗಿಸಿದ ಮೇಲೆ ಗ್ಯಾಂಗಾಂ ರೈತನಿಗೆ ಏನು ಉಳಿಯಿತು? ಅವನೂ ನನ್ನ ಹಾಗೇ ಜುಲೈನಲ್ಲಿ ಗಾಳಿಸುದ್ದಿ ಓದುತ್ತಾ ಕೂರಬೇಕು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಯಾವ ಯುರೋಪಿಯನ್ ಟೂರ್ನಿಗೂ ಜಾಗ ಸಿಗದ, ಆದರೆ ಅದಕ್ಕೆ ಹತ್ತಿರ ಬಂದಿದ್ದ ಕ್ಲಬ್‌ಗಳಿಂದ ಅರ್ಜಿ ಕರೆಯಿರಿ. ದೇಶಕ್ಕೆ ಒಂದೇ ಕ್ಲಬ್. ಬರಲು ಇಷ್ಟವಿಲ್ಲದವರನ್ನು ಕರೆಯಬೇಡಿ, ಬರದಿದ್ದಕ್ಕೆ ದಂಡವನ್ನೂ ಹಾಕಬೇಡಿ. ಕೊಲೋನ್‌ನ 8-0 ಒಂದೇ ಸಾಕು. ಜುಲೈ ಆರಂಭದಲ್ಲಿ ಶುರು ಮಾಡಿ ಆಗಸ್ಟ್ ಮಧ್ಯಕ್ಕೆ ಮುಗಿಸಿ. ಗೆದ್ದವರಿಗೆ ಕಾನ್ಫರೆನ್ಸ್ ಲೀಗ್‌ನ ಪ್ಲೇ ಆಫ್ ಸುತ್ತಿಗೆ ಪ್ರವೇಶ ಕೊಡಿ. ಅಲ್ಲಿಂದ ಮುಂದೆ ಅವರ ಹಣೆಬರಹ. ಮತ್ತೆ ದಯವಿಟ್ಟು ಒಂದು ಫೈನಲ್ ಇಡಿ, ಒಬ್ಬನೇ ವಿಜೇತ ಇರಲಿ, ಕೈಯಲ್ಲಿ ಎತ್ತಿ ಹಿಡಿಯುವಂಥ ಒಂದು ಕಪ್ ಇರಲಿ. ಫೈನಲ್ಲನ್ನು ದೊಡ್ಡ ರಾಜಧಾನಿಗೆ ಕೊಂಡೊಯ್ಯಬೇಡಿ, ಆಡುವ ಕ್ಲಬ್‌ಗಳ ಊರಲ್ಲೇ ಎರಡು ಪಂದ್ಯ ಆಡಿಸಿ. ಹೆಸರು ಬದಲಿಸಬೇಕು ಅಂತಿದ್ದರೆ ಬದಲಿಸಿ, ಬೆಟ್ಟಿಂಗ್ ಚೀಟಿಯ ನೆನಪು ಬೇಡ. ರಪ್ಪಾನ್ ಕಪ್ ಅನ್ನಿ. ಜನ ಇಟ್ಟ ಹೆಸರು ಹೇಗೂ ಇದೆ.

2021ರ ಏಪ್ರಿಲ್‌ನಲ್ಲಿ ಹನ್ನೆರಡು ದೊಡ್ಡ ಕ್ಲಬ್‌ಗಳು ಸೂಪರ್ ಲೀಗ್ ಅಂತ ತಮ್ಮದೇ ಟೂರ್ನಿ ಮಾಡಿ ಬಾಗಿಲು ಹಾಕಿಕೊಳ್ಳಲು ಹೊರಟಾಗ ಎದುರು ನಿಂತವರು ನೀವು. ಮೈದಾನದಲ್ಲಿ ಗೆದ್ದು ಬಂದವರಿಗೆ ಬಾಗಿಲು ತೆರೆದಿರಬೇಕು ಅನ್ನುವುದು ಆಗ ನಿಮ್ಮ ವಾದವಾಗಿತ್ತು. ಆ ಜಗಳದ ಸುದ್ದಿ ಓದುತ್ತಾ ನಾನೂ ಇಲ್ಲಿ ಕೂತು ಚಪ್ಪಾಳೆ ತಟ್ಟಿದ್ದೆ. ಅದೇ ವಾದವನ್ನು ಈಗ ಒಂಬತ್ತನೇ ಸ್ಥಾನದವರ ಪರವಾಗಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಉತ್ತರ ಬರೆಯಬೇಕು ಅಂತೇನಿಲ್ಲ. ಜುಲೈನಲ್ಲಿ ಇಲ್ಲಿ ಮಳೆ ಜೋರಾದ ಮೇಲೆ ನಾನು ಪ್ರತಿ ವರ್ಷದಂತೆ ಫಲಿತಾಂಶಗಳ ಪಟ್ಟಿ ತೆರೆದು ನೋಡುತ್ತೇನೆ. ಆ ಸೈಬರ್ ಸೆಂಟರ್ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಈಗ ಕೂತೇ ನೋಡಬಹುದು.

ಇಂತಿ,
ಹಳದಿ ಜೆರ್ಸಿಯ ಒಬ್ಬ ಅಭಿಮಾನಿ
ಮಂಗಳೂರು